ಸ್ಟಾರ್ಟರ್ ಒತ್ತುವ ಮೊದಲು

ಮಗು, ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಬೆಳಗಿನ ಕಾಫಿ ಕುಡಿಯುತ್ತ ಒಮ್ಮೆ ನೋಡಿದೆ. ಆಮೇಲೆ ಕನ್ನಡಕ ಒರೆಸಿಕೊಂಡು ಒಂದೊಂದನ್ನೇ ದೊಡ್ಡದು ಮಾಡಿ ಇನ್ನೊಮ್ಮೆ ನೋಡಿದೆ. ಬಿಳಿ ಬಣ್ಣ ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗಿದೆ, ಮುಂದಿನ ಚಕ್ರದ ಟೈರು ಕುಳಿತುಹೋಗಿದೆ, ಎಡ ರೆಕ್ಕೆಯ ಕೆಳಗೆ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. ಆದರೂ ಆ ದುಂಡು ಮೂತಿ ಕಂಡ ಕೂಡಲೇ ಎದೆ ತುಂಬಿ ಬಂತು. ಪೈಪರ್ ಅಪಾಚೆ! ಅಮೆರಿಕಕ್ಕೆ ಹೋದ ಹೊಸದರಲ್ಲಿ ನಾನು ಸ್ಪ್ಯಾನರ್ ಹಿಡಿದ ಮೊದಲ ಎರಡು ಇಂಜಿನ್ನಿನ ವಿಮಾನ ಅದೇ.

ಒಂಬತ್ತು ವರ್ಷದಿಂದ ಹಾರಿಲ್ಲವಂತೆ, ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ಮಾರುತ್ತಿದ್ದಾರಂತೆ, ಒಂದು ಹಳೆಯ ಕಾರಿನ ದುಡ್ಡಿಗೆ ಬರುತ್ತದಂತೆ. ಇಷ್ಟು ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೀಯ: ‘ಶನಿವಾರ ಹೊಸ ಬ್ಯಾಟರಿ ತೊಗೊಂಡು ಹೋಗಿ ಇಂಜಿನ್ ಸ್ಟಾರ್ಟ್ ಆಗುತ್ತಾ ನೋಡ್ತೀನಿ ಮಾವ.’

ಆ ಒಂದು ಸಾಲಿಗಾಗಿಯೇ ಈ ಕಾಗದ ಬರೆಯುತ್ತಿದ್ದೇನೆ. ಸ್ಟಾರ್ಟ್ ಮಾಡಬೇಡ ಕಣೋ. ಬ್ಯಾಟರಿ ಮುಟ್ಟಬೇಡ. ಪ್ರೊಪೆಲ್ಲರನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ನೋಡೋಣ ಅಂತಲೂ ಆಸೆಪಡಬೇಡ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ, ಪೂರ್ತಿ ಓದು.

ಅಪಾಚೆ 1954ರಲ್ಲಿ ಮಾರಾಟಕ್ಕೆ ಬಂತು. ಪೈಪರ್ ಕಂಪನಿಯ ಮೊದಲ ಎರಡು ಇಂಜಿನ್ನಿನ ವಿಮಾನ ಅದು. 2,000ಕ್ಕೂ ಹೆಚ್ಚು ತಯಾರಾದವು. ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಎಂಬ ಪುಟ್ಟ ಊರಿನಲ್ಲಿ ವಿಮಾನ ಕಟ್ಟುತ್ತಿದ್ದರು. ಅದರ ಲೈಕಮಿಂಗ್ ಇಂಜಿನ್ ಹುಟ್ಟಿದ್ದು ಪಕ್ಕದ ವಿಲಿಯಮ್ಸ್‌ಪೋರ್ಟಿನಲ್ಲಿ. ಎರಡೂ ಊರು ಸಸ್ಕ್ವೆಹಾನಾ ನದಿಯ ಒಂದೇ ಕವಲಿನ ದಂಡೆಯಲ್ಲಿವೆ. ಒಂದೇ ಹೊಳೆಯ ನೀರು ಕುಡಿದು ಬೆಳೆದ ವಿಮಾನ ಮತ್ತು ಇಂಜಿನ್ ಎಂದು ನನಗೆ ಅದರ ಮೇಲೆ ಮೊದಲಿನಿಂದಲೂ ಒಂದು ಮಮತೆ.

ಇಂಜಿನ್ನಿನ ಹೆಸರು ಒ-320. ನಾಲ್ಕು ಸಿಲಿಂಡರು, ಮೊದಲ ಅಪಾಚೆಗಳಲ್ಲಿ 150 ಅಶ್ವಶಕ್ತಿ, ಆಮೇಲಿನವುಗಳಲ್ಲಿ 160. ನೀನು ಹಾರಲು ಕಲಿತ ಹಳೆಯ ಸೆಸ್ನಾ 172ರಲ್ಲಿ ಇದ್ದದ್ದೂ ಇದೇ ವಂಶದ ಇಂಜಿನ್. ಗಟ್ಟಿಮುಟ್ಟು ಜೀವ, ದಿನಾ ದುಡಿಸಿದರೆ 2,000 ಗಂಟೆ ಸಲೀಸಾಗಿ ದುಡಿಯುತ್ತದೆ. ಆದರೆ ಸುಮ್ಮನೆ ಕೂತರೆ ಕೆಡುತ್ತದೆ. ಅದಕ್ಕೆ ಕಾರಣ ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವ ಜಾಗ. ಇದರಲ್ಲಿ ಕ್ಯಾಮ್ ಇರುವುದು ಕ್ರ್ಯಾಂಕಿನ ಮೇಲ್ಗಡೆ, ಇಂಜಿನ್ನಿನ ನೆತ್ತಿಯಲ್ಲಿ. ಇಂಜಿನ್ ಓಡುವಾಗ ಎಣ್ಣೆ ಚಿಮ್ಮಿ ಅದನ್ನು ತೋಯಿಸುತ್ತಿರುತ್ತದೆ. ನಿಂತ ಮೇಲೆ ಎಣ್ಣೆಯೆಲ್ಲ ಇಳಿದಿಳಿದು ತಳದ ಸಂಪ್ ಸೇರುತ್ತದೆ, ನೆತ್ತಿ ಒಣಗುತ್ತದೆ. ರಾತ್ರಿ ತಂಪಾದಾಗ ತೇವದ ಗಾಳಿ ಬ್ರೀದರ್ ಕೊಳವೆಯಿಂದ ಒಳಗೆ ಹೋಗಿ ಹನಿಗಟ್ಟುತ್ತದೆ. ಎಣ್ಣೆ ಸವರದೆ ಮೂಲೆಗಿಟ್ಟ ಕಬ್ಬಿಣದ ಕಾವಲಿಗೆ ಮಳೆಗಾಲದಲ್ಲಿ ಏನಾಗುತ್ತದೆ ಅಂತ ನಿಮ್ಮಮ್ಮನನ್ನು ಕೇಳು. ಕ್ಯಾಮಿಗೂ ಅದೇ ಆಗುತ್ತದೆ. ತೇವ ಹೆಚ್ಚಿರುವ ಜಾಗದಲ್ಲಿ ಹೊಸ ಇಂಜಿನ್ನಿನ ಸಿಲಿಂಡರಿಗೆ ಎರಡೇ ದಿನದಲ್ಲಿ ತುಕ್ಕು ಹತ್ತಬಹುದು ಎಂದು ಲೈಕಮಿಂಗಿನವರೇ ಎಚ್ಚರಿಸಿದ್ದಾರೆ. ನಿನ್ನ ಅಪಾಚೆ ಹ್ಯೂಸ್ಟನ್ನಿನ ದಕ್ಷಿಣಕ್ಕೆ, ಗಲ್ಫ್ ಕಡಲಿನ ಉಪ್ಪುಗಾಳಿಯಲ್ಲಿ ಒಂಬತ್ತು ವರ್ಷ ನಿಂತಿದೆ. ಮೈಸೂರಿನಲ್ಲಿಟ್ಟ ಸೈಕಲ್ಲಿಗೂ ಮಲ್ಪೆಯ ದಂಡೆಯಲ್ಲಿಟ್ಟ ಸೈಕಲ್ಲಿಗೂ ಇರುವ ವ್ಯತ್ಯಾಸ ನಿನಗೆ ಗೊತ್ತಿದೆ.

ಹಿಂದೆ ಹೀಗೇ ಒಂದು ವಿಮಾನ ನನ್ನ ಕೈಗೆ ಬಂದಿತ್ತು. ಆರು ವರ್ಷ ಹೊರಗೆ ನಿಂತದ್ದು, ಇದೇ ಜಾತಿಯ ಎರಡು ಇಂಜಿನ್. ಕೊಂಡವನು ನಿನ್ನ ವಯಸ್ಸಿನವನು, ನಿನ್ನಷ್ಟೇ ಉತ್ಸಾಹಿ. ಗೆಳೆಯರ ಜೊತೆ ಹೋಗಿ, ಬ್ಯಾಟರಿ ಹಾಕಿ, ಹೊಸ ಪೆಟ್ರೋಲು ತುಂಬಿ ಸ್ಟಾರ್ಟರ್ ಒತ್ತಿದ. ಎರಡೂ ಇಂಜಿನ್ ಹತ್ತಿಕೊಂಡವು. ಶಬ್ದ ಇಂಪಾಗಿತ್ತು. ಕಂಪ್ರೆಷನ್ ಪರೀಕ್ಷೆ ಮಾಡಿಸಿದ, 80 ಪೌಂಡ್ ಗಾಳಿ ಬಿಟ್ಟರೆ ಎಲ್ಲ ಸಿಲಿಂಡರೂ 70ರ ಮೇಲೆ ಹಿಡಿದಿದ್ದವು. ಎಲ್ಲರಿಗೂ ಹಬ್ಬ. ಇಪ್ಪತ್ತು ಚಿಲ್ಲರೆ ಗಂಟೆ ಹಾರಿದ ಮೇಲೆ ಎಣ್ಣೆ ಬದಲಿಸಲು ನನ್ನ ಹತ್ತಿರ ತಂದ. ಎಣ್ಣೆಯ ಜಾಲರಿ ಬಿಚ್ಚಿ ಬಿಸಿಲಿಗೆ ಹಿಡಿದೆ. ಒಳಗೆ ಮೀನಿನ ಹುರುಪೆಯಂಥ ಚೂರುಗಳು ಮಿನುಗುತ್ತಿದ್ದವು. ಅಯಸ್ಕಾಂತ ತಾಗಿಸಿದೆ, ಅಂಟಿಕೊಂಡವು. ಉಕ್ಕು.

ಸಿಲಿಂಡರ್ ಕಳಚಿ ಒಳಗೆ ಟಾರ್ಚು ಬಿಟ್ಟು ಅವನಿಗೇ ತೋರಿಸಿದೆ. ಮೊಟ್ಟೆಯ ಚೂಪು ತುದಿಯ ಹಾಗಿರಬೇಕಾದ ಕ್ಯಾಮಿನ ಮೂಗು ಸವೆದು ಮೊಂಡಾಗಿತ್ತು. ಅದರ ಮೇಲೆ ಒರೆಯುವ ಟ್ಯಾಪೆಟ್ಟಿನ ಮುಖ ಕನ್ನಡಿಯಂತಿರಬೇಕು. ಅದರ ತುಂಬ ಸಿಡುಬಿನ ಕಲೆಯಂಥ ಗುಂಡಿಗಳಿದ್ದವು. ಅಷ್ಟು ವರ್ಷ ಅಲ್ಲಿದ್ದ ತುಕ್ಕಿನ ಚುಕ್ಕೆಗಳು ಮೊದಲ ದಿನದ ಸ್ಟಾರ್ಟಿನಲ್ಲೇ ಒಣ ಕ್ಯಾಮಿಗೆ ಉಜ್ಜಿ ಮರಳು ಕಾಗದದ ಕೆಲಸ ಮಾಡಿದ್ದವು. ಅಲ್ಲಿಂದೆದ್ದ ಉಕ್ಕಿನ ಪುಡಿ ಎಣ್ಣೆಯ ಜೊತೆ ಇಂಜಿನ್ನಿನ ಮೂಲೆಮೂಲೆ ತಿರುಗಿತ್ತು. ಇನ್ನೊಂದು ಇಂಜಿನ್ ಬಿಚ್ಚಿದರೆ ಅಲ್ಲೂ ಅದೇ ಕಥೆ. ಆ ಹುಡುಗ ಹ್ಯಾಂಗರಿನ ಸ್ಟೂಲಿನ ಮೇಲೆ ಕೂತವನು ಬಹಳ ಹೊತ್ತು ಏಳಲಿಲ್ಲ. ಎರಡು ಇಂಜಿನ್ ಓವರ್‌ಹಾಲ್ ಮಾಡಿಸುವ ಖರ್ಚು ವಿಮಾನದ ಬೆಲೆಯನ್ನೇ ಮೀರುತ್ತಿತ್ತು. ಕೊನೆಗೆ ಆ ವಿಮಾನ ಬಿಡಿಭಾಗಗಳಾಗಿ ಮಾರಾಟವಾಯಿತು. ಇವತ್ತಿಗೂ ನನಗೆ ಅದು ಸಂಕಟ. ಸ್ಟಾರ್ಟ್ ಮಾಡುವ ಮೊದಲು ಒಳಗೆ ನೋಡಿದ್ದರೆ ಅವನು ಆ ವಿಮಾನವನ್ನು ಕೊಳ್ಳುತ್ತಲೇ ಇರಲಿಲ್ಲ, ಇಲ್ಲವೇ ಕ್ಯಾಮು, ಟ್ಯಾಪೆಟ್ಟು ಬದಲಿಸುವುದರಲ್ಲೇ ಉಳಿಸಿಕೊಳ್ಳುತ್ತಿದ್ದ.

ಕಂಪ್ರೆಷನ್ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಹಿಗ್ಗಬೇಡ. ಅದು ಉಂಗುರ ಮತ್ತು ವಾಲ್ವುಗಳ ಸುದ್ದಿ ಹೇಳುತ್ತದೆಯೇ ಹೊರತು ಕ್ಯಾಮಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ.

ವಿಮಾನ ಮಾರುತ್ತಿರುವ ಆ ತಾಯಿಯನ್ನು ಒಂದು ಪ್ರಶ್ನೆ ಕೇಳು, ಮೆತ್ತಗೆ ಕೇಳು. ಯಜಮಾನರು ಹೋದ ಮೇಲೆ ಯಾರಾದರೂ ಸ್ನೇಹಿತರು ಬಂದು ತಿಂಗಳಿಗೊಮ್ಮೆ ಇಂಜಿನ್ ಓಡಿಸಿ ಹೋಗುತ್ತಿದ್ದರೇ? ಹೌದು ಎಂದರೆ ಖುಷಿಪಡುವ ಸಂಗತಿಯಲ್ಲ ಅದು. ಪ್ರೀತಿಯಿಂದಲೇ ಮಾಡಿರುತ್ತಾರೆ, ಆದರೆ ನೆಲದ ಮೇಲೆ ಹತ್ತು ನಿಮಿಷ ಓಡಿಸುವುದು ಓಡಿಸದೆ ಇರುವುದಕ್ಕಿಂತ ಕೇಡು. ಪೆಟ್ರೋಲು ಉರಿದಾಗ ನೀರಾವಿ ಹುಟ್ಟುತ್ತದೆ, ಅದರಲ್ಲಿ ಒಂದಿಷ್ಟು ಎಣ್ಣೆಗೆ ಸೇರುತ್ತದೆ. ಆ ನೀರು ಆರಿಹೋಗಬೇಕಾದರೆ ಎಣ್ಣೆ 165ರಿಂದ 200 ಡಿಗ್ರಿ ಫ್ಯಾರನ್‌ಹೀಟ್ ತನಕ ಕಾದು ಹಾಗೇ ಸ್ವಲ್ಪ ಹೊತ್ತು ಇರಬೇಕು. ಅದು ಹಾರಿದರೆ ಮಾತ್ರ ಸಾಧ್ಯ. ನೆಲದ ಓಟದಲ್ಲಿ ಇಂಜಿನ್ ಬೆವರುತ್ತದೆ, ಒಣಗುವುದಿಲ್ಲ. ಕೈಯಿಂದ ಪ್ರೊಪೆಲ್ಲರ್ ತಿರುಗಿಸುವುದೂ ಹೀಗೇ. ಅಲ್ಲಿ ಇಲ್ಲಿ ಉಳಿದ ಎಣ್ಣೆಯ ಪೊರೆಯನ್ನು ಅದು ಒರೆಸಿ ತೆಗೆಯುತ್ತದೆ.

ಹಾಗಾದರೆ ಏನು ಮಾಡುವುದು? ನಿನ್ನೂರಿನಲ್ಲಿ ಹಳೆಯ ಪೈಪರುಗಳ ಮೇಲೆ ಕೈ ಪಳಗಿದ ಮೆಕ್ಯಾನಿಕ್ ಒಬ್ಬನನ್ನು ಹುಡುಕು. ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಅಧಿಕಾರ ಇರುವವನೇ ಆಗಬೇಕು. ಮಾರುವವರ ಒಪ್ಪಿಗೆ ಬರಹದಲ್ಲಿ ತೊಗೊ. ಮೇಲಿನ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಸಿ, ಎಂಟೂ ಸಿಲಿಂಡರಿನೊಳಗೆ ಬೋರ್‌ಸ್ಕೋಪ್ ಇಳಿಸಿ ಗೋಡೆಗಳನ್ನೂ ವಾಲ್ವುಗಳನ್ನೂ ನೋಡಿಸು. ಎಣ್ಣೆ ಇಳಿಸಿ, ಜಾಲರಿ ಬಿಚ್ಚಿ ನೋಡಿ, ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸು. ಮುಖ್ಯವಾದದ್ದು ಇದಾದ ಮೇಲೆ. ಪ್ರತಿ ಇಂಜಿನ್ನಿನಿಂದ ಒಂದಾದರೂ ಸಿಲಿಂಡರ್ ಕಳಚಿಸಿ ಕ್ಯಾಮನ್ನು ಕಣ್ಣಾರೆ ನೋಡಬೇಕು. ಈ ಇಂಜಿನ್ನಿನಲ್ಲಿ ಟ್ಯಾಪೆಟ್ಟಿನ ತಲೆ ಅಣಬೆಯ ಹಾಗಿರುವುದರಿಂದ ಹೊರಗಿನಿಂದ ಎಳೆದು ನೋಡಲು ಬರುವುದಿಲ್ಲ. ಗುಂಡಿ ಬಿದ್ದಿದ್ದರೆ ಇಂಜಿನ್ನಿನ ಹೊಟ್ಟೆಯನ್ನೇ ಎರಡು ಹೋಳು ಮಾಡಬೇಕು. ಈ ತಪಾಸಣೆಗೆ ದುಡ್ಡು ಖರ್ಚಾಗುತ್ತದೆ, ಕೊಳ್ಳದಿದ್ದರೆ ಆ ದುಡ್ಡು ಹೋಯಿತು. ಹೋಗಲಿ ಬಿಡು. ಗೊತ್ತಾಗದೆ ಕೊಂಡರೆ ಹೋಗುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಕ್ಯಾಮ್ ಚೊಕ್ಕಟವಾಗಿ ಕಂಡರೆ ಆಗ ಸ್ಟಾರ್ಟರಿನ ಮಾತು. ಆಗಲೂ ನೇರ ಒತ್ತುವುದಲ್ಲ. ಹೊಸ ಎಣ್ಣೆ ತುಂಬಿ, ಪ್ರತಿ ಸಿಲಿಂಡರಿನ ಒಂದೊಂದು ಪ್ಲಗ್ ಹೊರಗಿಟ್ಟು, ಇಗ್ನಿಷನ್ ಕಡಿದು, ಸ್ಟಾರ್ಟರಿನಿಂದ ಬರೀ ಸುತ್ತಿಸಬೇಕು. ಸ್ವಲ್ಪ ಸುತ್ತಿಸು, ಸ್ಟಾರ್ಟರ್ ತಣಿಯಲು ಬಿಡು, ಮತ್ತೆ ಸುತ್ತಿಸು. ಎಣ್ಣೆಯ ಒತ್ತಡದ ಮುಳ್ಳು ಮೇಲೇಳುವ ತನಕ ಇದೇ ಕೆಲಸ. ಮುಳ್ಳು ಎದ್ದಿತೆಂದರೆ ಬೇರಿಂಗುಗಳಿಗೆ ಎಣ್ಣೆ ಮುಟ್ಟಿತು ಎಂದು ಅರ್ಥ. ಆಮೇಲೆ ಪ್ಲಗ್ ಹಾಕು.

ಇಂಜಿನ್ನಿನ ಮಾತೇ ಉದ್ದವಾಯಿತು. ಆದರೆ ವಿಮಾನವನ್ನು ಕೊಲ್ಲುವುದು ಇಂಜಿನ್ ಮಾತ್ರ ಅಲ್ಲ. ಇಂಜಿನ್ ಹೋದರೆ ಇನ್ನೊಂದು ಸಿಕ್ಕೀತು, ಮೈ ಕೊಳೆತಿದ್ದರೆ ಏನೂ ಮಾಡಲಾಗುವುದಿಲ್ಲ. ಅಪಾಚೆಯ ಹೊರಮೈ ಅಲ್ಯೂಮಿನಿಯಂ. ಕೂರುವ ಜಾಗದ ಸುತ್ತ ಅದರೊಳಗೆ ಉಕ್ಕಿನ ಕೊಳವೆಗಳ ಪಂಜರವಿದೆ. ಕಿಟಕಿಯ ರಬ್ಬರು ಒಣಗಿ ಬಿರಿದರೆ ಮಳೆನೀರು ಒಳಗಿಳಿದು, ನೆಲದ ಜಮಖಾನದ ಕೆಳಗೆ ನಿಂತು, ಆ ಕೊಳವೆಗಳ ಬುಡವನ್ನು ತಿನ್ನುತ್ತದೆ. ಸೀಟುಗಳನ್ನು ತೆಗೆಸು, ಜಮಖಾನ ಎತ್ತಿಸು, ಬೆರಳಾಡಿಸು. ತೇವವಿದ್ದರೆ, ಹಳೆಯ ಬಾವಿಕಟ್ಟೆಯ ವಾಸನೆ ಬಂದರೆ, ಅಲ್ಲೇ ನಿಂತು ಕೂಲಂಕಷವಾಗಿ ನೋಡು. ದಬ್ಬಳದ ತುದಿಯಿಂದ ಕೊಳವೆಯನ್ನು ಒತ್ತಿ ನೋಡಬೇಕು. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತಿಂದುಹೋದದ್ದು ಮೆತ್ತಗೆ ಒಳಗೆ ಬಿಟ್ಟುಕೊಳ್ಳುತ್ತದೆ.

ಅಲ್ಯೂಮಿನಿಯಂ ಕೊಳೆಯುವ ರೀತಿ ಬೇರೆ. ಅದಕ್ಕೆ ಕೆಂಪು ತುಕ್ಕಿಲ್ಲ, ಬೂದಿಯಂಥ ಬಿಳಿ ಪುಡಿ ಬರುತ್ತದೆ. ಕೆಲವು ಕಡೆ ಬಣ್ಣದ ಕೆಳಗೆ ಎರೆಹುಳು ಹರಿದಂಥ ಉಬ್ಬು ಗೆರೆಗಳು ಕಾಣುತ್ತವೆ, ಅವು ಮೇಲುಮೇಲಿನವು. ಅಂಜಬೇಕಾದದ್ದು ಲೋಹ ಪದರ ಪದರವಾಗಿ ಉಬ್ಬಿ, ನೆನೆದ ಪುಸ್ತಕದ ಅಂಚಿನ ಹಾಗೆ ಬಿಚ್ಚಿಕೊಂಡಾಗ. ರೆಕ್ಕೆಯ ಭಾರ ಹೊರುವ ಸ್ಪಾರಿನ ಮೇಲೆ ಅದು ಕಂಡರೆ ಆ ತಾಯಿಗೆ ಕೈಮುಗಿದು ವಾಪಸು ಬಾ. ಬೆಲೆ ಅರ್ಧಕ್ಕಿಳಿಸಿದರೂ ಬೇಡ.

ಇಲಿಗಳು ರೆಕ್ಕೆಯೊಳಗೆ, ಬಾಲದೊಳಗೆ ಗೂಡು ಕಟ್ಟುತ್ತವೆ. ಗೂಡಿಗಿಂತ ಕೆಟ್ಟದ್ದು ಅವುಗಳ ಮೂತ್ರ, ಅಲ್ಯೂಮಿನಿಯಮ್ಮನ್ನು ತೂತು ಬೀಳುವ ಹಾಗೆ ತಿನ್ನುತ್ತದೆ. ತಪಾಸಣೆಯ ಮುಚ್ಚಳ ಒಂದೊಂದನ್ನೂ ತೆಗೆಸು. ಮೂಗಿಗೆ ಮಾಸ್ಕ್ ಕಟ್ಟಿಕೋ, ಅಮೆರಿಕದ ಇಲಿಗಳ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಕೆಟ್ಟ ಕಾಯಿಲೆ ಬರಬಹುದು.

ಇನ್ನು ಕುಂಬಾರ ಹುಳ. ನಮ್ಮ ಹಳೆಯ ಮನೆಯ ಕಿಟಕಿ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟುತ್ತಿತ್ತಲ್ಲ, ಅದರ ಬಳಗ ಟೆಕ್ಸಾಸಿನಲ್ಲೂ ಇದೆ. ಪೆನ್ಸಿಲ್ ದಪ್ಪದ ತೂತು ಕಂಡರೆ ಅದಕ್ಕೆ ಸ್ವರ್ಗ. ವಿಮಾನದಲ್ಲಿ ಅಂಥ ತೂತುಗಳಿಗೆ ಬರವಿಲ್ಲ. ಪೆಟ್ರೋಲ್ ಟ್ಯಾಂಕಿನ ಗಾಳಿಕೊಳವೆ ಮುಚ್ಚಿದರೆ ಟ್ಯಾಂಕ್ ತುಂಬಿದ್ದರೂ ಇಂಜಿನ್ನಿಗೆ ಪೆಟ್ರೋಲು ಬರುವುದಿಲ್ಲ. ವೇಗ ಅಳೆಯುವ ಪಿಟೋ ಕೊಳವೆ ಮುಚ್ಚಿದರೆ ಮುಳ್ಳು ಸುಳ್ಳು ಹೇಳುತ್ತದೆ. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್ಕಿನ ಪೋರ್ಟೊ ಪ್ಲಾಟಾದಿಂದ ಎದ್ದ ಬಿರ್ಗೆನ್ ಏರ್‌ನ ಬೋಯಿಂಗ್ 757 ಕಡಲಿಗೆ ಬಿತ್ತು, 189 ಜನ ಸತ್ತರು. ಆ ವಿಮಾನ ಕೆಲವು ವಾರ ಹಾರದೆ ನಿಂತಿತ್ತು, ಪಿಟೋ ಕೊಳವೆಗೆ ಹೊದಿಕೆ ಹಾಕಿರಲಿಲ್ಲ. ಕುಂಬಾರ ಹುಳದ ಗೂಡೇ ಕೊಳವೆ ಕಟ್ಟಿರಬೇಕು ಎಂಬುದು ತನಿಖೆಯವರ ಬಲವಾದ ಅನುಮಾನ. ವಾರಗಳಲ್ಲೇ ಹಾಗಾದರೆ ನಿನ್ನದು ನಿಂತದ್ದು ಒಂಬತ್ತು ವರ್ಷ. ಒಂದೊಂದು ಕೊಳವೆಯನ್ನೂ ಎರಡೂ ತುದಿಯಲ್ಲಿ ಬಿಡಿಸಿ ಗಾಳಿ ಊದಿ ನೋಡಿಸು. ಮೀಟರುಗಳು ಸಿಕ್ಕಿಕೊಂಡಿರುವಾಗ ಮಾತ್ರ ಊದಬೇಡ, ಅವು ಹಾಳಾಗುತ್ತವೆ.

ಪೆಟ್ರೋಲು ತುಂಬುವುದು ಲೋಹದ ಟ್ಯಾಂಕಿಗಲ್ಲ, ರೆಕ್ಕೆಯೊಳಗೆ ಹಾಸಿದ ರಬ್ಬರಿನ ಚೀಲಕ್ಕೆ. ಪೆಟ್ರೋಲಿದ್ದಷ್ಟು ದಿನ ರಬ್ಬರು ಮೆತ್ತಗಿರುತ್ತದೆ, ಖಾಲಿಯಾಗಿ ಬಿಸಿಲಿನಲ್ಲಿ ಕೂತರೆ ಒಣಗಿ ಬಿರಿಯುತ್ತದೆ. ಚೀಲ ಸುಕ್ಕಾಗಿದ್ದರೆ ಆ ಸುಕ್ಕಿನಲ್ಲಿ ನೀರು ಅಡಗಿ ಕೂರುತ್ತದೆ. ನೆಲದ ಮೇಲೆ ಕೊಳಾಯಿ ತಿರುಗಿಸಿ ನೋಡಿದರೆ ಬರುವುದಿಲ್ಲ, ಮೂತಿ ಎತ್ತಿ ಏರುವಾಗ ಹರಿದು ಬರುತ್ತದೆ. ಚೀಲಗಳನ್ನು ಬದಲಿಸಬೇಕಾಗಬಹುದು ಎಂದೇ ಲೆಕ್ಕ ಹಾಕು. ಒಳಗೆ ಉಳಿದ ಹಳೆಯ ಪೆಟ್ರೋಲನ್ನು ಒಂದು ಹನಿ ಬಿಡದೆ ಇಳಿಸಿ ಎಸೆ. ವಿಮಾನದ ಪೆಟ್ರೋಲು ತಿಳಿನೀಲಿ ಇರಬೇಕು; ಚಹಾದ ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದರೆ ಕಾರ್ಬ್ಯುರೇಟರಿನೊಳಗೂ ಅದೇ ಅಂಟು ಇರುತ್ತದೆ. ರಬ್ಬರ್ ಹೋಸುಗಳಲ್ಲಿ ಒಂದನ್ನು ಬಾಗಿಸಿ ನೋಡು. ಒಣ ಕೊಂಬೆಯಂತೆ ಚಟಪಟ ಎಂದರೆ ಒಂದನ್ನಲ್ಲ, ಎಲ್ಲವನ್ನೂ ಬದಲಿಸು. ಅದರಲ್ಲಿ ಚೌಕಾಸಿ ಮಾಡಬೇಡ.

ಹೈಡ್ರಾಲಿಕ್ಕಿನ ಎಣ್ಣೆ ಕೆಂಪು. ಅದನ್ನು ಬಿಟ್ಟು ಯಾರೋ ಕಾರಿನ ಬ್ರೇಕ್ ಎಣ್ಣೆ ಸುರಿದಿದ್ದರೆ ಸೀಲುಗಳೆಲ್ಲ ಹಾಳಾಗಿರುತ್ತವೆ. ಅಪಾಚೆಯಲ್ಲಿ ಚಕ್ರ, ಫ್ಲಾಪ್ ಎರಡನ್ನೂ ಆಡಿಸುವ ಹೈಡ್ರಾಲಿಕ್ ಪಂಪ್ ಒಂದೇ, ಅದು ಎಡ ಇಂಜಿನ್ನಿಗೆ ಕಟ್ಟಿಕೊಂಡಿದೆ. ಎಡ ಇಂಜಿನ್ ಹೋದರೆ ಚಕ್ರ ಎತ್ತಲಿಕ್ಕೂ ಇಳಿಸಲಿಕ್ಕೂ ಕೈಪಂಪು ಹೊಡೆಯಬೇಕು. ಅದೂ ಕೈಕೊಟ್ಟರೆ ಕೊನೆಯ ಆಸರೆಗೆ ಕಾರ್ಬನ್ ಡೈಆಕ್ಸೈಡಿನ ಒಂದು ಸಣ್ಣ ಸಿಲಿಂಡರ್ ಇದೆ, ಎಳೆದರೆ ಅನಿಲದ ಒತ್ತಡದಿಂದ ಚಕ್ರ ಇಳಿಯುತ್ತದೆ. ಆ ಸಿಲಿಂಡರನ್ನು ತಕ್ಕಡಿಗಿಟ್ಟು ತೂಕ ಮಾಡಿಸು, ಒಂಬತ್ತು ವರ್ಷದಲ್ಲಿ ಸೋರಿ ಖಾಲಿಯಾಗಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ವಿಮಾನವನ್ನು ಜಾಕಿನ ಮೇಲೆ ನಿಲ್ಲಿಸಿ ಚಕ್ರಗಳನ್ನು ಮೂರು ಬಗೆಯಲ್ಲೂ ಇಳಿಸಿ ನೋಡುವ ತನಕ ಹಾರಾಟದ ಹೆಸರೆತ್ತಬೇಡ. ಕೈಪಂಪನ್ನು ನೀನೇ ಹೊಡೆದು ನೋಡು, ಎಷ್ಟು ಸಲ ಹೊಡೆಯಬೇಕು, ತೋಳು ಎಷ್ಟು ಸೋಲುತ್ತದೆ ಎಂಬುದು ನೆಲದ ಮೇಲಿರುವಾಗಲೇ ಗೊತ್ತಿರಲಿ.

ಪ್ಲಗ್ಗುಗಳಿಗೆ ಕಿಡಿ ಕೊಡುವ ನಾಲ್ಕು ಮ್ಯಾಗ್ನೆಟೊಗಳನ್ನು ಬಿಚ್ಚಿಸಿ ನೋಡಿಸು. ಎರಡು ಪ್ರೊಪೆಲ್ಲರುಗಳನ್ನು ಪ್ರೊಪೆಲ್ಲರ್ ರಿಪೇರಿಯ ಅಂಗಡಿಗೆ ಕಳಿಸು. ಇಂಜಿನ್ ಕೆಟ್ಟಾಗ ಅಲಗು ಗಾಳಿಗೆ ಅಡ್ಡ ನಿಲ್ಲದೆ ತಿರುಗಿ ನಿಲ್ಲಬೇಕಾದರೆ ಅದರ ಹಬ್ಬಿನೊಳಗೆ ತುಕ್ಕು ಇರಬಾರದು. ಮೂತಿಯಲ್ಲಿರುವ ಹೀಟರ್ ಪೆಟ್ರೋಲು ಸುಟ್ಟು ಬಿಸಿ ಕೊಡುವಂಥದ್ದು, ಪರೀಕ್ಷೆಯಾಗುವ ತನಕ ಅದರ ಸಂಪರ್ಕ ಕಡಿಸಿಡು. ಚುಕ್ಕಾಣಿಯ ತಂತಿಗಳ ಮೇಲೆ ಬಟ್ಟೆ ಹಿಡಿದು ಉದ್ದಕ್ಕೂ ಒರೆಸು, ಎಳೆ ಬಿಟ್ಟ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಎಳೆಯಬೇಡ, ಸೂಜಿಯಂತೆ ಚುಚ್ಚುತ್ತದೆ.

ಕಾಗದಪತ್ರ ಕೊನೆಗೆ ನೋಡೋಣ ಅನ್ನಬೇಡ. ಲಾಗ್‌ಬುಕ್ಕುಗಳು ಪೂರ್ತಿ ಇವೆಯೇ ಮೊದಲು ಕೇಳು. ಅವು ಕಳೆದಿದ್ದರೆ ವಿಮಾನದ ಅರ್ಧ ಆಯುಸ್ಸು ಕಳೆದ ಹಾಗೆ. ಕೊನೆಯ ಬಾರಿ ನಿಲ್ಲಿಸುವಾಗ ಇಂಜಿನ್ನಿಗೆ ಸಂರಕ್ಷಣೆಯ ಎಣ್ಣೆ ಹಾಕಿ ಮುಚ್ಚಿದ್ದರೇ ಎಂದು ಅದರಲ್ಲೇ ಬರೆದಿರುತ್ತದೆ, ಹಾಕಿದ್ದರೆ ನಿನ್ನ ಅದೃಷ್ಟ. ಸರ್ಕಾರ ಕಡ್ಡಾಯ ಮಾಡಿದ ರಿಪೇರಿ ಆದೇಶಗಳ ಪಟ್ಟಿ ತೆಗೆಸಿ, ಈ ಒಂಬತ್ತು ವರ್ಷದಲ್ಲಿ ಬಂದವನ್ನೂ ಸೇರಿಸಿ, ಒಂದೊಂದಕ್ಕೂ ಲಾಗ್‌ಬುಕ್ಕಿನಲ್ಲಿ ಉತ್ತರ ಹುಡುಕಿಸು. ವಿಮಾನದ ಮೇಲೆ ಸಾಲ ಇದೆಯೇ, ನೋಂದಣಿ ಜೀವಂತವಾಗಿದೆಯೇ ಎಂಬುದನ್ನು ಒಕ್ಲಹಾಮಾ ಸಿಟಿಯ ಎಫ್‌ಎಎ ನೋಂದಣಿ ಕಚೇರಿಯ ದಾಖಲೆಯಲ್ಲಿ ನೋಡಿಸು. 2020ರ ಜನವರಿ 1ರಿಂದ ಹ್ಯೂಸ್ಟನ್ನಿನಂಥ ದೊಡ್ಡ ನಿಲ್ದಾಣದ ಸುತ್ತ 30 ನಾಟಿಕಲ್ ಮೈಲಿಯೊಳಗೆ ವಿಮಾನ ಎಲ್ಲಿದೆ ಎಂದು ತಾನೇ ಸಾರುವ ಎಡಿಎಸ್-ಬಿ ಸಾಧನ ಇಲ್ಲದೆ ಹಾರುವಂತಿಲ್ಲ. ಆ ವಿಮಾನ ನಿಂತದ್ದು ಅದಕ್ಕೂ ಮೊದಲಾದರೆ ಆ ಖರ್ಚೂ ನಿನ್ನದೇ.

ಈಗ ಒಂದು ಮಾತನ್ನು ವಿಶೇಷವಾಗಿ ಕಿವಿಗೆ ಹಾಕಿಕೋ. ಎರಡು ಇಂಜಿನ್ ಇದೆ, ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಆ ಧೈರ್ಯ ನಿಜವಾಗಬೇಕಾದರೆ ಎರಡರಲ್ಲೂ ಒಂದೇ ತಪ್ಪು ಆಗಿರಬಾರದು. 1983ರ ಮೇ 5ರಂದು ಈಸ್ಟರ್ನ್ ಏರ್‌ಲೈನ್ಸಿನ ಮೂರು ಇಂಜಿನ್ನಿನ ಟ್ರೈಸ್ಟಾರ್ ಮಯಾಮಿಯಿಂದ ನಾಸೋಗೆ ಹೊರಟಿತ್ತು, ಒಳಗೆ 172 ಜನ. ಹಿಂದಿನ ರಾತ್ರಿಯ ಕೆಲಸದಲ್ಲಿ ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ಬಿರಡೆಗಳನ್ನು ಬದಲಿಸುವಾಗ ಮೂರೂ ಇಂಜಿನ್ನಿನಲ್ಲಿ ಒ-ರಿಂಗ್ ಹಾಕಿರಲಿಲ್ಲ. ಬಳೆಯಂಥ ಒಂದು ರಬ್ಬರು, ಅಷ್ಟೇ. ಮೂರರ ಎಣ್ಣೆಯೂ ಆಕಾಶದಲ್ಲಿ ಸೋರಿಹೋಯಿತು. ಮೂರೂ ನಿಂತು, ಮೊದಲು ತಾವೇ ಆರಿಸಿದ್ದ ಒಂದನ್ನು ಮತ್ತೆ ಹತ್ತಿಸಿಕೊಂಡು, ಸಮುದ್ರದ ಮೇಲಿಂದ ಹೇಗೋ ಮಯಾಮಿಗೆ ತಂದಿಳಿಸಿದರು. ಎಲ್ಲರೂ ಉಳಿದರು. ನಾನು ಆ ಸುದ್ದಿ ಓದಿದ ಮೇಲೆ ಒಂದು ನಿಯಮ ಮಾಡಿಕೊಂಡೆ. ಎರಡು ಇಂಜಿನ್ನಿನ ಮೇಲೆ ಒಂದೇ ಕೆಲಸವನ್ನು ಒಂದೇ ದಿನ ಒಬ್ಬನೇ ಮಾಡಬಾರದು. ಮಾಡಲೇಬೇಕಾದರೆ ಎರಡನೆಯದನ್ನು ಇನ್ನೊಬ್ಬ ಮುಟ್ಟಿ ಮುಟ್ಟಿ ನೋಡಬೇಕು. ನಿನ್ನ ಮೆಕ್ಯಾನಿಕ್ಕಿಗೂ ಇದನ್ನು ಹೇಳು. ಬೇಜಾರು ಮಾಡಿಕೊಳ್ಳುವವನಾದರೆ ಬೇರೆಯವನನ್ನು ನೋಡಿಕೋ.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತೀಯ. ಗ್ರೀನ್‌ಲ್ಯಾಂಡಿನ ಮಂಜಿನಲ್ಲಿ ಸಿಕ್ಕಿಕೊಂಡ ಎರಡು ವಿಮಾನಗಳ ಕಥೆ ಹೇಳುತ್ತೇನೆ. ಒಂದು, 1942ರಲ್ಲಿ ಇಳಿದ ಎರಡು ಇಂಜಿನ್ನಿನ ಪಿ-38 ಯುದ್ಧವಿಮಾನ. 268 ಅಡಿ ಮಂಜಿನ ಕೆಳಗಿಂದ 1992ರಲ್ಲಿ ಅದನ್ನು ಬಿಡಿಬಿಡಿಯಾಗಿ ಮೇಲೆತ್ತಿದರು. ಕೆಂಟಕಿಯಲ್ಲಿ ಹತ್ತು ವರ್ಷ ಕೂತು ಜೋಡಿಸಿ 2002ರ ಅಕ್ಟೋಬರಿನಲ್ಲಿ ಹಾರಿಸಿದರು. ‘ಗ್ಲೇಸಿಯರ್ ಗರ್ಲ್’ ಅಂತ ಅದಕ್ಕೆ ಹೆಸರು. ಇನ್ನೊಂದು, 1947ರಲ್ಲಿ ಇಳಿದ ‘ಕೀ ಬರ್ಡ್’ ಎಂಬ ಬಿ-29 ಬಾಂಬರ್. ಮಂಜಿನ ಬಯಲಲ್ಲೇ ನಾಲ್ಕು ಇಂಜಿನ್ ಬದಲಿಸಿ, 1995ರ ಮೇ ತಿಂಗಳಲ್ಲಿ ಅಲ್ಲಿಂದಲೇ ಹಾರಿಸಲು ಹೊರಟರು. ಇಂಜಿನ್ನುಗಳು ಓಡಿದವು, ವಿಮಾನ ಉರುಳಿತು. ಅಷ್ಟರಲ್ಲಿ ಒಳಗಿದ್ದ ಪುಟ್ಟ ಸಹಾಯಕ ಇಂಜಿನ್ನಿಗೆ ತಾತ್ಕಾಲಿಕವಾಗಿ ಕಟ್ಟಿದ್ದ ಪೆಟ್ರೋಲ್ ಡಬ್ಬಿ ಸೋರಿ ಬೆಂಕಿ ಹತ್ತಿ, ಸುಮಾರು ಅರ್ಧ ಶತಮಾನ ಕೆಡದೆ ನಿಂತಿದ್ದ ವಿಮಾನ ಕಣ್ಣೆದುರೇ ಸುಟ್ಟುಹೋಯಿತು. ಆ ಜನ ದಡ್ಡರಲ್ಲ, ಮೈಕೊರೆಯುವ ಚಳಿಯಲ್ಲಿ ಪ್ರಾಣ ಒತ್ತೆಯಿಟ್ಟು ದುಡಿದವರು. ಸದ್ಯಕ್ಕೆ ನಡೆಯುತ್ತದೆ ಎಂದು ಕಟ್ಟಿದ ಒಂದು ಡಬ್ಬಿ ಅಷ್ಟನ್ನೂ ತಿಂದುಬಿಟ್ಟಿತು. ನಿನ್ನ ಅಪಾಚೆಯಲ್ಲಿ ‘ಸದ್ಯಕ್ಕೆ’ ಎಂಬ ಮಾತು ಎಲ್ಲೂ ಬರದಿರಲಿ. ಕ್ಯಾಮ್ ಚೆನ್ನಾಗಿದ್ದರೂ ಒಂದು ವರ್ಷ ಅಂತ ಇಟ್ಟುಕೋ. ಶನಿವಾರ ಭಾನುವಾರ ಮಾತ್ರ ಕೆಲಸ ಮಾಡುವವನಿಗೆ ಎರಡು.

ಮೊದಲ ಹಾರಾಟದ ದಿನ ನೀನು ಹಾರಿಸಬೇಡ. ಒಂದು ಇಂಜಿನ್ನಿನ ಲೈಸೆನ್ಸಿನವನು ನೀನು, ಎರಡರ ಪಾಠ ಇನ್ನೂ ಆಗಬೇಕು. ಅಪಾಚೆ ಸಾಧು ಪ್ರಾಣಿ, ಆದರೆ ಒಂದು ಇಂಜಿನ್ ನಿಂತರೆ ಭಾರ ಹೊತ್ತು ಮೇಲೇರುವ ಕಸುವು ಅದಕ್ಕೆ ಕಡಿಮೆ. ಟೆಕ್ಸಾಸಿನ ಬೇಸಿಗೆಯಲ್ಲಿ ಆ ಕಸುವು ಇನ್ನೂ ಕಡಿಮೆ. ಅಪಾಚೆಯಲ್ಲೇ ಪಳಗಿದ ಪೈಲಟ್, ಉದ್ದದ ರನ್‌ವೇ, ತಂಪು ಬೆಳಗು, ಅರ್ಧ ಟ್ಯಾಂಕ್ ಪೆಟ್ರೋಲು ಸಾಕು. ನಿಲ್ದಾಣದ ನೆತ್ತಿಯ ಮೇಲೆಯೇ ಸುತ್ತಿ ಇಳಿಯಲಿ. ಇಳಿದ ಕೂಡಲೇ ಮುಚ್ಚಳ ತೆಗೆದು ಎಲ್ಲೆಲ್ಲಿ ಎಣ್ಣೆ ಒಸರಿದೆ ನೋಡಿ. ಜಾಲರಿಯನ್ನು ಬೇಗ ಬೇಗ ಬಿಚ್ಚಿ ನೋಡುತ್ತಿರಿ. ನಿನ್ನ ಹೆಂಡತಿ ಮಕ್ಕಳನ್ನು ಕೂರಿಸಿಕೊಳ್ಳುವುದು ಅದಾಗಿ ತಿಂಗಳುಗಳ ಮಾತು.

ಇಷ್ಟೆಲ್ಲ ಕೇಳಿ ನಿನಗೆ ಬೇಸರವಾಗಿರಬಹುದು. ಬೇಡ ಎನ್ನಲಿಕ್ಕೆ ಬರೆದದ್ದಲ್ಲ ಮಗು ಇದು. ನಾನು ಬೆಂಗಳೂರಿನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಡಕೋಟಾಗಳ ಮೇಲೆ ಕೆಲಸ ಮಾಡಿ ಬೆಳೆದ ಮೇಸ್ತ್ರಿಯೊಬ್ಬರಿದ್ದರು. ಹೊಸ ಹುಡುಗರ ಕೈಗೆ ಮೊದಲ ವಾರ ಸ್ಪ್ಯಾನರ್ ಕೊಡುತ್ತಿರಲಿಲ್ಲ. ಒಂದು ಟಾರ್ಚು, ಉದ್ದ ಹಿಡಿಯ ಪುಟ್ಟ ಕನ್ನಡಿ ಕೊಟ್ಟು ‘ನೋಡ್ಕೊಂಡು ಬಾ, ಏನು ಕಂಡೆ ಹೇಳು’ ಎನ್ನುತ್ತಿದ್ದರು. ಏನೂ ಕಾಣಲಿಲ್ಲ ಎಂದರೆ ಮತ್ತೆ ಕಳಿಸುತ್ತಿದ್ದರು. ಆ ಕನ್ನಡಿ ಇವತ್ತೂ ನನ್ನ ಮೇಜಿನ ಖಾನೆಯಲ್ಲಿದೆ. ನಿನಗೆ ಕಳಿಸಬೇಕೆಂದು ತೆಗೆದಿಟ್ಟಿದ್ದೇನೆ.

ಆ ತಾಯಿಯ ಹತ್ತಿರ ನ್ಯಾಯವಾಗಿ ನಡೆದುಕೋ. ತಪಾಸಣೆಯಲ್ಲಿ ಕಂಡದ್ದನ್ನು ಕಂಡ ಹಾಗೆ ಅವರಿಗೂ ಹೇಳು. ಕೊಳ್ಳದಿದ್ದರೂ ಆ ವರದಿಯ ಒಂದು ಪ್ರತಿ ಅವರಿಗೆ ಕೊಡು. ಗಂಡ ಪ್ರೀತಿಯಿಂದ ಇಟ್ಟುಕೊಂಡಿದ್ದ ವಸ್ತು ಅದು, ಅದರ ನಿಜಸ್ಥಿತಿ ತಿಳಿಯುವ ಹಕ್ಕು ಅವರಿಗಿದೆ.

ಶನಿವಾರ ಹೋಗು. ಟಾರ್ಚು, ಒಂದು ಕನ್ನಡಿ, ದಬ್ಬಳ, ಹಳೆಯ ಹತ್ತಿ ಬಟ್ಟೆ, ಮಾಸ್ಕ್, ಬರೆದುಕೊಳ್ಳಲು ಪುಸ್ತಕ ತೊಗೊಂಡು ಹೋಗು. ಜಮಖಾನದ ಕೆಳಗಿನ ಫೋಟೋ, ಸ್ಪಾರಿನ ಫೋಟೋ, ಲಾಗ್‌ಬುಕ್ಕಿನ ಕೊನೆಯ ನಾಲ್ಕು ಪುಟಗಳ ಫೋಟೋ ನನಗೆ ಕಳಿಸು, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಎದ್ದಿರುತ್ತೇನೆ. ಬ್ಯಾಟರಿ ಮಾತ್ರ ಮನೆಯಲ್ಲೇ ಬಿಟ್ಟು ಹೋಗು.